ಶುರುವಾಗುವ ಮೊದಲೇ ಮುಗಿದ ಕೆಲಸ

ರಾಯಾಪುರದ ಆ ಕಾರ್ಖಾನೆಯಲ್ಲಿ ತಣ್ಣನೆಯ ಗಾಳಿಯ ಯೋಗವಿದ್ದದ್ದು ಕಂಪ್ಯೂಟರಿಗೆ ಮಾತ್ರ. ಅದರ ಸೇವೆಗಿದ್ದವರಿಗೆ ಪ್ರಸಾದವಾಗಿ ನೆಗಡಿ ಸಿಗುತ್ತಿತ್ತು. 1967ರಲ್ಲಿ ಅದು ಬಂದಿಳಿದಾಗ ಕಾಯಿಯ ನೀರು ಒಳಗೆ ಸಿಡಿದೀತೆಂದು ಹೆದರಿ, ಹೊರಗೆ ಅಂಗಳದಲ್ಲಿ ಕಾಯಿ ಒಡೆದು ಬಂದು ಕೈ ಮುಗಿದಿದ್ದರು.

ದುರ್ಗದಬೈಲಿನ ಶಾಂತಯ್ಯ ಅಲ್ಲಿ ಹೊತ್ತಿನ ಲೆಕ್ಕದ ಗುಮಾಸ್ತ. ಕಂಪ್ಯೂಟರಿಗೆ ಕೊಟ್ಟ ಲೆಕ್ಕದ ಕೆಲಸ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಅದರ ಗಡಿಯಾರ ಅಂಕಿ ಅಚ್ಚು ಹಾಕುತ್ತಿತ್ತು. ಒಂದರಲ್ಲಿ ಒಂದು ಕಳೆದು, ಎಷ್ಟು ತಾಸು ಹಿಡಿಯಿತೆಂದು ಹೇಳುವುದು ಅವನ ಪಾಲು. ಆ ಗಡಿಯಾರಕ್ಕೆ ಹೊತ್ತು ಗೊತ್ತಿತ್ತು, ಯಾವ ವಾರವೆಂದು ಗೊತ್ತಿರಲಿಲ್ಲ. ಮಧ್ಯರಾತ್ರಿ ಸೊನ್ನೆಗೆ ಬಿದ್ದು ಮತ್ತೆ ಮೊದಲಿನಿಂದ ಎಣಿಸುತ್ತಿತ್ತು. ಹಾಗಾಗಿ ಪಾಳಿಯಲ್ಲಿದ್ದವರು ಪಕ್ಕದಲ್ಲಿ ವಾರ ಬರೆಯಬೇಕಿತ್ತು.

ಶಾಂತಯ್ಯ ಇನ್ನೂ ಹಂಗಾಮಿ. ನೌಕರಿ ಕಾಯಂ ಆಗದೆ ಮದುವೆಯ ಮುಹೂರ್ತದ ಮಾತೇ ಬೇಡವೆಂದು, ಅವನಿಗೆ ಗೊತ್ತಾದ ಹುಡುಗಿ ಬಾಳವ್ವನ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಕಾಯಂ ಮಾಡುವ ಆರ್ಡರು ಮ್ಯಾನೇಜರ್ ಗೋವಿಂದಪ್ಪನವರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ. ಹೀಗಿರುವಾಗ ಒಂದು ಶುಕ್ರವಾರ ಅವರು ಶಾಂತಯ್ಯನನ್ನೂ ಆಪರೇಟರ್ ಅಬ್ದುಲಮಜೀದನನ್ನೂ ಯಂತ್ರದ ಕೋಣೆಗೆ ಕರೆಸಿದರು.

"ಶಾಂತಯ್ಯ, ಸಾಮಾನಿನ ಲೆಕ್ಕ ಶುರು ಆಗೂದಕ್ಕ ಮೂವತ್ತೆಂಟು ತಾಸು ಮೊದಲ ಮುಗದೈತಂತ ಬರದೀಯಲ್ಲೋ. ಹಿಂಗಾದ್ರ ನಾಳಿನ ಕೆಲಸಾ ನಿನ್ನೆನ ಮುಗಿಸಿ ಮನಿಗೆ ಹೋಗೂಣಲ್ಲ?"

"ಕಳಿಯೂದ್ರಾಗ ತಪ್ಪಿಲ್ರಿ ಸಾಹೇಬ್ರ."

"ಇಲ್ಲ, ಖರೇ. ಆದ್ರ ಶುರು ಆಗಿದ್ದು ಗುರುವಾರ ಸಂಜಿ ಏಳಕ್ಕ, ನಾನೂ ಇಲ್ಲೇ ಇದ್ದೆ. ಶುಕ್ರವಾರ ಅಂತ ಬರದಾವ ಯಾರು?"

"ನಾನರೀ," ಎಂದ ಮಜೀದ. "ಸಂಜಿ ನಮಾಜು ಮುಗಿಸಿ ಬಂದು ಬರದೆ. ಹೊತ್ತು ಮುಳುಗಿತಂದ್ರ ನಮಗ ಶುಕ್ರವಾರ ಶುರುವಾತರಿ."

"ನೋಡ್ರಿ ಸಾಹೇಬ್ರ!" ಆರ್ಡರು ಜೇಬಿಗೇ ಬಿದ್ದಂತೆ ಶಾಂತಯ್ಯ ಹಿಗ್ಗಿದ. "ತಪ್ಪೆಲ್ಲಾ ಇಂವಂದು."

"ತಡಿ. ಅಂವಂದು ತಿದ್ದಿದ್ರೂ ಹದಿನಾಲ್ಕು ತಾಸು ಮೊದಲ ಮುಗೀತೈತಿ. ಬೆಳಿಗ್ಗೆ ಐದಕ್ಕ ಕೆಲಸ ಮುಗದಾಗ ಗುರುವಾರ ಅಂತ ಬರದಾವ ಯಾರು?"

ಬೆಳಗಿನ ಪಾಳಿ ಶಾಂತಯ್ಯನದೇ. ಆ ತಣ್ಣನೆಯ ಕೋಣೆಯಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಬೆವತ.

"ಐದಕ್ಕ ಸೂರ್ಯ ಎಲ್ಲಿ ಹುಟ್ಟಿದ್ದರಿ? ಸೂರ್ಯ ಹುಟ್ಟದ ಶುಕ್ರವಾರ ಹೆಂಗಾಕ್ಕೈತಿ? ನಮ್ಮ ಮನ್ಯಾಗ ಮೂರು ತಲಿಯಿಂದ ಜಾತಕಾ ಬರ್ಕೋತ ಬಂದೇವ್ರಿ."

"ಅಯ್ಯಾರ, ನಾ ಮುಂದ ಓಡೇನಿ, ನೀವು ಹಿಂದ ಉಳದೀರಿ," ಎಂದ ಮಜೀದ. "ನಡುವ ಸಿಕ್ಕಿದ್ದು ಪಾಪ ಈ ಡಬ್ಬಿ."

ಗೋವಿಂದಪ್ಪ ಪೆನ್ನಿನ ಟೋಪಿ ತೆಗೆದರು. "ಗಡಿಯಾರ ಸೊನ್ನಿಗೆ ಬಿದ್ದಾಗ ವಾರ ಬದಲಿ. ಮಜೀದ, ನೀನೂ ಕೇಳ್ಕೊ. ಶಾಂತಯ್ಯ, ಒಪ್ಪಿದ್ರ ಈಗ ಸಹಿ ಮಾಡ್ತೇನಿ. ಇಲ್ಲಂದ್ರ ಇನ್ನೊಂದು ವರ್ಷ ಹಂಗಾಮಿ."

ಇನ್ನೊಂದು ವರ್ಷ ಕಾಯಿರಿ ಎಂದು, ಸೂರ್ಯನ ಮಾತೆತ್ತದೆ, ಬಾಳವ್ವನ ಅಪ್ಪನಿಗೆ ಹೇಗೆ ಹೇಳುವುದೆಂದು ಶಾಂತಯ್ಯ ಯೋಚಿಸಿದ.

"ಒಪ್ಪೇನ್ರಿ. ಕಾರ್ಖಾನಿ ಒಳಗ ಅಷ್ಟ."

"ಹೊರಗ ನಿಮ್ಮಜ್ಜನ ಕೇಳು," ಎಂದು ಗೋವಿಂದಪ್ಪ ಸಹಿ ಹಾಕಿದರು.

ಬಾಗಿಲು ದಾಟಿದ ಕೂಡಲೇ ಮಜೀದ ಕಿವಿಯ ಹತ್ತಿರ ಬಂದ. "ಮೂರು ತಲಿ ಜಾತಕಾ ಒಂದು ಸಹಿಗೆ ಮಾರಿದ್ರಲ್ರೀ ಅಯ್ಯಾರ!"

"ಬಾಳವ್ವನ ಅಪ್ಪಗ ಹೇಳಬ್ಯಾಡೋ ಮಾರಾಯಾ."

"ಚಾ ಕುಡಸ್ತೀರಿ?"

"ಮಿರ್ಚಿ ಭಜಿನೂ ತಿನಸ್ತೇನಿ."

"ಹಂಗಾದ್ರ ನಾ ಒಳಗ ಇರಲೇ ಇಲ್ಲ ಬಿಡ್ರಿ."

ಶಾಂತಯ್ಯ ಮೊದಲು ತನ್ನ ಮೇಜಿಗೆ ಹೋಗಿ, ಸಾಮಾನಿನ ಲೆಕ್ಕಕ್ಕೆ ಹಿಡಿದದ್ದು ಹತ್ತು ತಾಸು ಎಂದು ತಿದ್ದಿ, ಆಮೇಲೆ ಚಹಾಕ್ಕೆ ನಡೆದ.