ಫಿರಂಗಿ, ಹಲ್ವಾ ಮತ್ತು ಏಳು ಕಿಲೋ

ಖಲ್ಫಾನ್ ಅಲ್ ಶುಕೈಲಿಯ ವಿಷಯವನ್ನು ತೂಗಿ ನೋಡಿಯೇ ಮಾತಾಡಬೇಕು. ನಿಜ್ವಾ ಹೆದ್ದಾರಿಯ ವೇಬ್ರಿಡ್ಜಿನಲ್ಲಿ ಮೂವತ್ತು ವರ್ಷ ಲಾರಿಗಳನ್ನು ತೂಗಿದ ಮನುಷ್ಯ. ಅಷ್ಟೂ ವರ್ಷ ಅವನಿಗೆ ತೂಕ ಗೊತ್ತಿತ್ತೇ ಹೊರತು ತೂಕಡಿಕೆ ಗೊತ್ತಿರಲಿಲ್ಲ. ಕಲ್ಲು ತುಂಬಿಕೊಂಡು ಬಂದ ಡ್ರೈವರುಗಳು ಹಿಂದಿನ ಒಂದು ಗಾಲಿಯನ್ನು ಮೆಲ್ಲಗೆ ತಟ್ಟೆಯ ಆಚೆ ನಿಲ್ಲಿಸಿ ಆಕಾಶ ನೋಡುತ್ತಿದ್ದರು. ಖಲ್ಫಾನ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪಾಪ, ಆ ಗಾಲಿಗೂ ಒಳಗೆ ಬರೋಕೆ ಹೇಳಪ್ಪಾ, ಹೊರಗೆ ಬಿಸಿಲು" ಎನ್ನುತ್ತಿದ್ದ. ಅವನು ಬರೆದುಕೊಟ್ಟ ಚೀಟಿಯನ್ನು ಯಾರೂ ಎರಡನೇ ಸಲ ತೂಗಿ ನೋಡಿದ್ದಿಲ್ಲ.

ನಿವೃತ್ತಿಯ ನಂತರ ಮಸ್ಕತ್ತಿನ ಅಲ್ ಖೌದಿನಲ್ಲಿ ಮನೆ ಮಾಡಿದ. ಟನ್ನುಗಟ್ಟಲೆ ಭಾರ ನೋಡಿದ ಕಣ್ಣಿಗೆ ನಲವತ್ತು ಗ್ರಾಮಿನ ಹಕ್ಕಿಗಳು ಹಿಡಿಸಿಬಿಟ್ಟವು. ಆದರೆ ಹಕ್ಕಿ ಹಗುರವಾದರೂ ಅದನ್ನು ಹಿಡಿಯುವ ಸಾಮಾನು ಹಗುರವಲ್ಲ. ಅವನು ಕೊಂಡದ್ದು ಆರುನೂರು ಮಿಲಿಮೀಟರಿನ ದೊಡ್ಡ ಲೆನ್ಸು. ಮೂರು ಕಿಲೋ ನೂರು ಗ್ರಾಂ. ಗೆಳೆಯರು ಅದಕ್ಕೆ 'ಫಿರಂಗಿ' ಎಂದು ಹೆಸರಿಟ್ಟರು. ಹೆಂಡತಿ ತುಫೂಲ್ ಕೂಡ ಒಂದು ಲೆನ್ಸು ಇಟ್ಟುಕೊಂಡಿದ್ದಳು. ನೂರರಿಂದ ನಾನೂರರವರೆಗೆ ಹಿಗ್ಗಿ ಕುಗ್ಗುವಂಥದ್ದು, ಒಂದು ಕಿಲೋ ನಾನೂರು ಗ್ರಾಂ. ಅದಕ್ಕೆ ಖಲ್ಫಾನನೇ ಹೆಸರಿಟ್ಟಿದ್ದ: ಕಾಫಿ ಹೂಜಿ.

"ನಿನ್ನ ಹೂಜಿಯಲ್ಲಿ ಚಿಟ್ಟೆ ತೆಗಿ, ಮೊಮ್ಮಕ್ಕಳನ್ನ ತೆಗಿ. ಹಕ್ಕಿ ವಿಷಯ ನನಗೆ ಬಿಡು" ಎನ್ನುತ್ತಿದ್ದ.

"ಬಿಟ್ಟಿದ್ದೀನಿ, ಅಬೂ ಸೈಫ್. ಹಕ್ಕಿನೂ ನಿನ್ನನ್ನ ಬಿಟ್ಟೇ ಹೋಗುತ್ತಲ್ಲ" ಎನ್ನುತ್ತಿದ್ದಳು ತುಫೂಲ್, ಅಲ್ಲಿನ ರೂಢಿಯಂತೆ ಗಂಡನನ್ನು ಹಿರಿಮಗ ಸೈಫನ ಅಪ್ಪ ಎಂದು ಕರೆದು. ಅವಳು ಸಲಾಲಾ ಬೆಟ್ಟದ ಹೆಣ್ಣು. ಬೆಟ್ಟದವರಿಗೆ ನಾಲಗೆಯ ಮೇಲೆ ತೂಕದ ಮಿತಿ ಇಲ್ಲ.

ಬಿಟ್ಟು ಹೋದ ಹಕ್ಕಿಯೂ ಒಂದಿತ್ತು. ಹಿಂದಿನ ವರ್ಷ ಖರೀಫ್ ಎಂಬ ಅಲ್ಲಿನ ಮಳೆಗಾಲದ ಮಂಜಿನ ದಿನಗಳಲ್ಲಿ, ಸಲಾಲಾದ ಅತ್ತೆಯ ಮನೆಯ ಹಿಂದಿನ ಕಣಿವೆಯಲ್ಲಿ ಖಲ್ಫಾನ್ ಬೂದುತಲೆಯ ಮಿಂಚುಳ್ಳಿಯ ಜೋಡಿಯನ್ನು ಕಂಡಿದ್ದ. ಒಂದು ಹಕ್ಕಿ ಬಾಯಲ್ಲಿ ಮಿಡತೆ ಕಚ್ಚಿಕೊಂಡು ಮಣ್ಣಿನ ದಿಬ್ಬದ ತೂತಿನೊಳಗೆ ಹೋಗಿತ್ತು. ಎಂದರೆ ಗೂಡು. ಆ ಕಣಿವೆಯಲ್ಲಿ ಈ ಹಕ್ಕಿ ಗೂಡು ಕಟ್ಟಿದ್ದನ್ನು ಯಾರೂ ದಾಖಲು ಮಾಡಿರಲಿಲ್ಲ. ಅವನು ಮಸ್ಕತ್ತಿನ ಪಕ್ಷಿಪಟ್ಟಿ ಸಮಿತಿಗೆ ಎರಡು ಪುಟ ಬರೆದ. ಸಮಿತಿಯ ಕಾರ್ಯದರ್ಶಿ ಅವನ ಆಪ್ತಮಿತ್ರ ಹುಮೈದ್, ಹಲ್ಲಿನ ಡಾಕ್ಟರು. ಉತ್ತರ ಒಂದೇ ಸಾಲು: 'ಚಿತ್ರವಿಲ್ಲ, ಸಾಬೀತಾಗಿಲ್ಲ.'

ಮೂವತ್ತು ವರ್ಷ ಅವನ ಸಹಿಯನ್ನು ಪ್ರಶ್ನಿಸದ ದೇಶ ಈಗ ಒಂದು ಮಿಡತೆಗೆ ಸಾಕ್ಷಿ ಕೇಳುತ್ತಿತ್ತು. ಹಲ್ಲು ಕೀಳುವವನೇ ಮಾತನ್ನೂ ಕಿತ್ತುಹಾಕಿದ್ದು ಖಲ್ಫಾನನಿಗೆ ನೋವು. ಅರಿವಳಿಕೆಯನ್ನೂ ಕೊಟ್ಟಿರಲಿಲ್ಲ.

ಈ ಜುಲೈಗೆ ಸಲಾಲಾಕ್ಕೆ ನಾಲ್ಕು ದಿನದ ಟಿಕೆಟ್ ತೆಗೆದ. ತುಫೂಲ್ ಎರಡು ವಾರ ಮುಂಚೆಯೇ ತಾಯಿಯನ್ನು ನೋಡಲು ಹೋಗಿದ್ದಳು. ಮಳೆಗಾಲಕ್ಕೆ ಹೆದರಿ ಹೂಜಿಯನ್ನು ಮನೆಯಲ್ಲೇ ಬಿಟ್ಟಿದ್ದಳು. ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿ. ಖಲ್ಫಾನ್ ಅಡುಗೆಮನೆಯ ತಕ್ಕಡಿ ಇಳಿಸಿ ಲೆಕ್ಕ ಹಾಕಿದ: ಫಿರಂಗಿ, ಕ್ಯಾಮೆರಾ, ದುರ್ಬೀನು, ಬ್ಯಾಟರಿಗಳು, ಚೀಲ ಸೇರಿ ಆರು ಕಿಲೋ ಏಳುನೂರು. ಬಟ್ಟೆಬರೆ, ಮುಕ್ಕಾಲಿ ಎಲ್ಲ ಇನ್ನೊಂದು ಪೆಟ್ಟಿಗೆಯಲ್ಲಿ ವಿಮಾನದ ಹೊಟ್ಟೆಗೆ. ಮುನ್ನೂರು ಗ್ರಾಂ ಉಳಿತಾಯ. ಇಂಥ ಲೆಕ್ಕ ಬಿಡಿಸಿದಾಗ ಅವನ ಮೀಸೆಗೆ ತಾನಾಗಿ ಒಂದು ತಿರುವು ಬರುತ್ತಿತ್ತು.

ಮೀಸೆ ಇಳಿಯುವ ಮೊದಲೇ ಅಕ್ಕ ನಸ್ರಾ ನಿಜ್ವಾದಿಂದ ಬಂದಿಳಿದಳು. ಕೈಯಲ್ಲಿ ಮಣ್ಣಿನ ಬಟ್ಟಲು, ಬಟ್ಟಲ ತುಂಬ ಅಂದು ಬೆಳಗ್ಗೆಯೇ ಕಾಯಿಸಿ ಇಳಿಸಿದ ಕೇಸರಿ ಹಲ್ವಾ, ಮೇಲೆ ಬಾದಾಮಿಯ ಹಾಸು.

"ಇದು ನಿನ್ನ ಅತ್ತೆಗೆ. ಹೋದ ವರ್ಷ ಹುಷಾರಿಲ್ಲದಾಗ ನಾನು ಹೋಗಿ ನೋಡಲಿಲ್ಲ. ಅಮಾನತ್ತು ಇದು, ಖಲ್ಫಾನ್."

ಕನ್ನಡ ನಾಡಿನ ಕಚೇರಿಗಳಲ್ಲಿ ಅಮಾನತ್ತು ಎಂದರೆ ಮನುಷ್ಯನನ್ನು ಮನೆಗೆ ಕಳಿಸುವುದು. ಇಲ್ಲಿ ವಸ್ತುವನ್ನು ಮನೆಗೆ ತಲುಪಿಸುವುದು. ಊರಿಗೆ ಹೊರಟವನ ಕೈಗೆ ಒಬ್ಬರು ನಂಬಿ ಕೊಟ್ಟದ್ದನ್ನು ಒಲ್ಲೆ ಎನ್ನುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ, ಹಾದಿಯಲ್ಲಿ ರುಚಿ ನೋಡುವ ಹಾಗಂತೂ ಇಲ್ಲ. ಖಲ್ಫಾನ್ ಬಟ್ಟಲನ್ನು ಕೈಗೆ ತೆಗೆದುಕೊಂಡ. ತಕ್ಕಡಿ ಬೇಕಾಗಲಿಲ್ಲ.

"ಒಂದು ಕಿಲೋ ಒಂಬೈನೂರು," ಎಂದ. "ಅಕ್ಕಾ, ಇದನ್ನ ಪೆಟ್ಟಿಗೆಗೆ ಹಾಕ್ತೀನಿ."

"ವಿಮಾನದ ಹೊಟ್ಟೆಗಾ? ನಾನು ಹಲ್ವಾ ಕಳಿಸ್ತಿರೋದು ಬೀಗತಿ ಹೊಟ್ಟೆಗೆ. ಬಟ್ಟಲು ಒಡೆದು, ತುಪ್ಪ ನಿನ್ನ ದಿಶ್‌ದಾಶಕ್ಕೆ ಮೆತ್ಕೊಂಡು, ಆಮೇಲೆ ಅವಳು ನಿನ್ನ ಅಂಗಿ ನೆಕ್ಕಬೇಕಾ?"

"ಹಾಗಲ್ಲ ಅಕ್ಕಾ, ಲೆನ್ಸು..."

"ಲೆನ್ಸನ್ನ ಹಾಕು ಹೊಟ್ಟೆಗೆ. ಅದಕ್ಕೇನು ಬಾದಾಮಿ ಅಂಟಿಸಿದ್ದಾರಾ?"

ಹಲ್ವಾ ಹೊಟ್ಟೆಗೆ ಹೋಗದು, ಫಿರಂಗಿಯನ್ನು ಹೊಟ್ಟೆಗೆ ಹಾಕಿದರೆ ಒಳಗಿನ ಗಾಜು ಪುಡಿ. ಎರಡೂ ಕೈಚೀಲದಲ್ಲೇ ಎಂದರೆ ಎಂಟು ಕಿಲೋ ಆರುನೂರು. ಸಂಜೆ ಕಾಫಿಗೆ ಬಂದ ಹುಮೈದ್ ಇದನ್ನು ಕೇಳಿ ಖರ್ಜೂರದ ಬೀಜ ಉಗುಳಿ ನಕ್ಕ.

"ಅಬೂ ಸೈಫ್, ನೀನು ಯಾವ ಕಾಲದವನು? ಫಿರಂಗಿಯನ್ನ ಕ್ಯಾಮೆರಾಕ್ಕೆ ಸಿಕ್ಕಿಸಿ ಕೊರಳಿಗೆ ಹಾಕ್ಕೋ. ಕೊರಳಲ್ಲಿ ಇರೋದನ್ನ ಯಾರೂ ತೂಗಲ್ಲ. ನಾವೆಲ್ಲ ಹಾಗೇ ಹೋಗೋದು."

"ತೂಗದಿದ್ರೆ ತೂಕ ಇಲ್ವಾ?"

"ಕೌಂಟರಿಗೆ ಇಲ್ಲ."

"ಒಂದು ಗಾಲಿ ಹೊರಗಿಟ್ಟ ಹಾಗಾಯ್ತು."

"ಇದು ಲಾರಿ ಅಲ್ಲ ಮಹರಾಯ!"

"ಅದಕ್ಕೇ. ಲಾರಿ ನೆಲದ ಮೇಲಾದ್ರೂ ಇರುತ್ತೆ."

ಹುಮೈದ್ ಖಾಲಿ ಕಾಫಿ ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ಸೂಚಿಸಿ ಎದ್ದ. ಬಾಗಿಲಲ್ಲಿ ತಿರುಗಿ, "ಹೇಗಾದ್ರೂ ಹೋಗು, ಚಿತ್ರ ತಾ. ಇನ್ನೊಂದು ವರ್ಷ 'ಬೆಳಕು ಸಾಲಲಿಲ್ಲ' ಅಂತ ಬರೆದ್ರೆ ನಾನೂ ಏನೂ ಮಾಡಕ್ಕಾಗಲ್ಲ" ಎಂದ.

ಆ ಮಾತು ಖಲ್ಫಾನನನ್ನು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಏಕೆಂದರೆ ಹಿಂದಿನ ವರ್ಷ ಬೆಳಕು ಸಾಕಷ್ಟಿತ್ತು. ಅವನು ದನದ ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮಿಂಚುಳ್ಳಿ ಮಿಡತೆ ಹಿಡಿದು ಮೂರು ಮೀಟರ್ ದೂರದ ಕೊಂಬೆಗೆ ಬಂದು ಕೂತಿತು. ಫಿರಂಗಿಗೆ ನಾಲ್ಕೂವರೆ ಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ. ಹಕ್ಕಿ ಬಣ್ಣದ ಮುದ್ದೆಯಾಗಿಯೇ ಉಳಿಯಿತು. ಹಿಂದೆ ಸರಿಯೋಣವೆಂದರೆ ಗೋಡೆ. ಹಕ್ಕಿ ಅವನನ್ನು ಪೂರ್ತಿ ನೋಡಿ, ಮಿಡತೆಯೊಂದಿಗೆ ತೂತಿನೊಳಗೆ ಹೋಯಿತು. ಲಕ್ಷಾಂತರ ಲಾರಿಗಳ ತೂಕವನ್ನು ಸರಿಯಾಗಿ ಬರೆದವನು ಆ ಅರ್ಜಿಯಲ್ಲಿ ಮಾತ್ರ ಬರೆದದ್ದು ಹೀಗೆ: ಬೆಳಕು ಸಾಲಲಿಲ್ಲ. ಫಿರಂಗಿಯ ಮಾನ ಕಾಯಲು ಸೂರ್ಯನ ಮೇಲೆ ದೂರು ಹೇಳಿದ್ದ.

ಅವನು ತುಫೂಲಳಿಗೆ ಫೋನ್ ಮಾಡಿದ.

"ಅಲ್ಲಿ ಮಂಜು ಹೇಗಿದೆ?"

"ಬಾಗಿಲಲ್ಲಿ ನಿಂತ್ರೆ ಅತ್ತಿಮರಕ್ಕೆ ಕಟ್ಟಿದ ಆಡು ಕಾಣಲ್ಲ. ಕೂಗು ಮಾತ್ರ ಕೇಳುತ್ತೆ. ನಿನ್ನ ಫಿರಂಗಿ ತಂದ್ರೆ ಇನ್ನೇನಿಲ್ಲ, ಮಂಜನ್ನೇ ದೊಡ್ಡದು ಮಾಡಿ ತೋರಿಸುತ್ತೆ."

"ಹಕ್ಕಿ?"

"ಅದೇ ದಿಬ್ಬ, ಅದೇ ತೂತು. ಕೊಟ್ಟಿಗೆ ಕಿಟಕಿ ಮುಂದಿನ ಕೊಂಬೆ ಮೇಲೆ ಕೂತ್ಕೊಂಡು ಅಮ್ಮನ್ನ ಬೈಯುತ್ತೆ." ಮತ್ತೆ ತಾನೇ ಕೇಳಿದಳು: "ಹೋದ ಸಲವೂ ಅಲ್ಲೇ ಕೂತಿತ್ತಲ್ಲ?"

ಖಲ್ಫಾನ್ ಫೋನಿಗೆ ಕೆಮ್ಮಿದ. ಹೆಂಡತಿಗೆ ಎಲ್ಲ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದಳು. ಅದೂ ಒಂದು ಅಮಾನತ್ತು.

ಅವನು ಹೂಜಿಯನ್ನು ಒರೆಸಿ ಚೀಲದಲ್ಲಿ ಇಟ್ಟ. ಫಿರಂಗಿ ಹೋಯಿತು, ಹಲ್ವಾ ಬಂತು. ಆರು ಕಿಲೋ ಒಂಬೈನೂರು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಸಿರು ಸ್ಕಾರ್ಫಿನ ಹುಡುಗಿ ಚೀಲದ ಬಾಯಿಂದ ಇಣುಕುತ್ತಿದ್ದ ಬಟ್ಟಲನ್ನು ನೋಡಿದಳು. ಅದನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟಳು.

"ಚಿಕ್ಕಪ್ಪಾ, ಉಳಿದದ್ದನ್ನ ಇಡಿ."

"ಅದನ್ನೂ ತೂಗಮ್ಮಾ."

"ಹಲ್ವಾನ ಯಾರು ತೂಗ್ತಾರೆ ಚಿಕ್ಕಪ್ಪಾ? ಯಾರದೋ ಅಮಾನತ್ತು ತಾನೆ? ಇಲ್ಲಿ ದಿನಕ್ಕೆ ನಲವತ್ತು ಬಟ್ಟಲು ದಾಟುತ್ತೆ."

ಖಲ್ಫಾನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಂದರೆ ಫಿರಂಗಿ ಬರಬಹುದಿತ್ತು. ಆರು ಕಿಲೋ ಏಳುನೂರರ ಫಿರಂಗಿಯ ಚೀಲ ತಕ್ಕಡಿಯ ಮೇಲೆ, ಹಲ್ವಾ ಪಕ್ಕದಲ್ಲಿ, ನಿಯಮವೂ ಸರಿ, ನಸ್ರಾಳೂ ಸರಿ. ಮೂವತ್ತು ವರ್ಷ ತೂಗಿದವನಿಗೆ ಯಾವುದನ್ನು ತೂಗುವುದಿಲ್ಲ ಎನ್ನುವುದೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಬರಲು ಇಪ್ಪತ್ತು ನಿಮಿಷ, ವಿಮಾನಕ್ಕೆ ಇನ್ನೂ ಒಂದೂವರೆ ಗಂಟೆ. ಕೈ ತಾನಾಗಿ ಕಾರಿನ ಕೀಲಿಯ ಕಡೆಗೆ ಹೋಯಿತು.

ಆಮೇಲೆ ಆ ಗೋಡೆ ನೆನಪಾಯಿತು. ಬೆನ್ನಿಗೆ ತಾಗಿದ್ದ ಕೊಟ್ಟಿಗೆಯ ತಣ್ಣನೆಯ ಗೋಡೆ, ಮೂರು ಮೀಟರಿನಲ್ಲಿ ಬಣ್ಣದ ಮುದ್ದೆ.

"ತೂಗಮ್ಮಾ," ಎಂದ ಮತ್ತೆ. "ವಿಮಾನಕ್ಕೆ ಹಲ್ವಾ, ಕಲ್ಲು ಎರಡೂ ಒಂದೇ. ಮತ್ತೆ ಈ ತಕ್ಕಡಿಯನ್ನ ಯಾವಾಗ ಪರೀಕ್ಷೆ ಮಾಡಿದ್ದು? ಸ್ಟಿಕ್ಕರ್ ಕಾಣ್ತಿಲ್ಲ."

ಹುಡುಗಿ ನಗು ತಡೆದುಕೊಂಡು ಬಟ್ಟಲನ್ನು ಚೀಲದ ಮೇಲಿಟ್ಟಳು. ಆರು ಒಂಬೈನೂರು. ಖಲ್ಫಾನನ ಮೀಸೆ ತಿರುಗಿತು.

ಮರುದಿನ ಬೆಳಗ್ಗೆ ಅವನು ಕೊಟ್ಟಿಗೆಯೊಳಗೆ, ಎರಡು ಹಸುಗಳ ನಡುವೆ, ಕಿಟಕಿಯ ಮುಂದೆ ಕೂತಿದ್ದ. ಮಂಜು ಕಣಿವೆಯನ್ನು ನುಂಗಿಹಾಕಿತ್ತು. ಕಾಣುತ್ತಿದ್ದದ್ದು ಕೊಂಬೆ, ದಿಬ್ಬ ಮತ್ತು ತೂತು, ಅಷ್ಟೇ. ಐದೈದು ನಿಮಿಷಕ್ಕೆ ಲೆನ್ಸಿನ ಮೇಲೆ ಹನಿ ಕೂರುತ್ತಿತ್ತು. ಪಕ್ಕದಲ್ಲಿ ಕೂತ ತುಫೂಲ್ ತನ್ನ ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು. ಹಕ್ಕಿ ಬಂತು. ಬೂದು ತಲೆ, ಕೆಂಪು ಕೊಕ್ಕು, ಕೊಕ್ಕಿನಲ್ಲಿ ಒದೆಯುತ್ತಿರುವ ಮಿಡತೆ. ಖಲ್ಫಾನ್ ಉಸಿರು ಹಿಡಿದ. ಹೂಜಿ ಒಂದೇ ಸಲಕ್ಕೆ ಹಕ್ಕಿಯ ಕಣ್ಣನ್ನು ಕಂಡಿತು, ಕಣ್ಣಿನೊಳಗಿನ ಕಿಟಕಿಯನ್ನೂ ಕಂಡಿತು. ಅವನು ಇನ್ನೂರಕ್ಕೆ ಕುಗ್ಗಿಸಿದ. ಈಗ ಹಕ್ಕಿಯೂ ತೂತೂ ಒಂದೇ ಚೌಕಟ್ಟಿನಲ್ಲಿ. ಹಕ್ಕಿ ಹಾರಿತು, ತೂತಿನ ಅಂಚಿಗೆ ಕಾಲು ಕೊಟ್ಟಿತು, ಒಳಗಿಂದ ಮರಿಯ ಕೊಕ್ಕು ಚಾಚಿತು.

"ಸಿಕ್ತಾ?" ತುಫೂಲ್ ಪಿಸುಗುಟ್ಟಿದಳು.

"ಹನ್ನೊಂದು ಚಿತ್ರ."

"ಹೂಜಿಯಲ್ಲಿ?"

"ಸುಮ್ನಿರು ಮಾರಾಯ್ತಿ, ಹಸು ಕೇಳಿಸಿಕೊಳ್ಳುತ್ತೆ."

ಮನೆಯೊಳಗಿಂದ ಅತ್ತೆಯ ದನಿ ಬಂತು. ಬಟ್ಟಲಿನ ಮುಕ್ಕಾಲು ಭಾಗ ಖಾಲಿಯಾಗಿತ್ತು. "ನಸ್ರಾಗೆ ಹೇಳಿ, ಬಾದಾಮಿ ಸ್ವಲ್ಪ ಕಮ್ಮಿ ಆಯ್ತು ಅಂತ!"

ಆ ಸಂಜೆ ಖಲ್ಫಾನ್ ಸಮಿತಿಯ ಅರ್ಜಿಯನ್ನು ಹೊಸದಾಗಿ ತುಂಬಿಸಿ ಚಿತ್ರಗಳ ಜೊತೆ ಕಳಿಸಿದ. ಕೊನೆಯ ಖಾನೆ 'ಇತರ ವಿವರ'. ಅದನ್ನು ಖಾಲಿ ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಖಲ್ಫಾನ್ ವೇಬ್ರಿಡ್ಜಿನ ಚೀಟಿ ಬರೆಯುತ್ತಿದ್ದ ಅದೇ ಗುಂಡು ಅಕ್ಷರದಲ್ಲಿ ಬರೆದ:

'ಲೆನ್ಸು: ತುಫೂಲ್ ಅವರದು. ಹಕ್ಕಿಯ ದೂರ: ಮೂರು ಮೀಟರ್. ಕಳೆದ ವರ್ಷವೂ ಮೂರೇ ಮೀಟರ್ ಇತ್ತು. ಆಗ ಬೆಳಕು ಸಾಕಷ್ಟಿತ್ತು, ನಾನು ತಪ್ಪು ಲೆನ್ಸು ತಂದಿದ್ದೆ. ಹಿಂದಿನ ಅರ್ಜಿಯನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ.'

ಹುಮೈದನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ಈ ಸಲ ಎರಡು ಸಾಲು: 'ಎರಡೂ ವರ್ಷದ ಗೂಡು ದಾಖಲಾಗಿದೆ. ತುಫೂಲಕ್ಕನ ಲೆನ್ಸನ್ನ ಮುಂದಿನ ತಿಂಗಳು ನನಗೆ ಕೊಡಿಸ್ತೀಯಾ?'

ಖಲ್ಫಾನ್ ಫೋನನ್ನು ಹೆಂಡತಿಯ ಕಡೆ ಚಾಚಿದ. ಅವಳು ಓದಿ, ಹಲ್ವಾದ ಕೊನೆಯ ತುಂಡನ್ನು ಅವನ ಕೈಗಿಟ್ಟಳು.

"ಕೊಡಲ್ಲ ಅಂತ ಬರಿ. ಅದಕ್ಕೆ ಈಗ ಹಕ್ಕಿ ಕೆಲಸ ಇದೆ."