ಎಂಟು ತೊಟ್ಟಿಯ ಬಯ್ಯಪ್ಪನವರು

ತಂಗಡಿ ಗಿಡದ ಚಕ್ಕೆಯಿಂದ, ಅಂದರೆ ತೊಗಟೆಯಿಂದ, ಒಗರನ್ನು ಬೇರ್ಪಡಿಸಿ, ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಗಟ್ಟಿ ಸಾರವಾಗಿ ಒದಗಿಸುವ ವಿದ್ಯೆಯಲ್ಲಿ ನಮ್ಮ ಸೀಮೆಗೆ ಅಷ್ಟಿಷ್ಟು ಹೆಸರು ಬಂದಿದ್ದರೆ, ಅದಕ್ಕೆ ಕಾರಣರಾದವರು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಬಯ್ಯಪ್ಪನವರು. ಹುದ್ದೆ ಅಟೆಂಡರ್. ಹದಿನಾರು ವರ್ಷದ ಹಿಂದೆ ಸೇರಿದಾಗಲೂ ಅಟೆಂಡರ್, ಈಗ ಹೊರಡುವಾಗಲೂ ಅಟೆಂಡರ್. ಅವರಿಗಾಗಿ ಈ ಅಭಿನಂದನಾ ಸಂಪುಟವನ್ನು ಹಟ ಹಿಡಿದು ತರುತ್ತಿರುವ ಕಿರಿಯ ಸಹೋದ್ಯೋಗಿ ವೆಂಕಟೇಶ್, "ನೀವೇ ಹಿರಿಯರು ಸಾರ್, ನಾಲ್ಕು ಒಳ್ಳೆ ಮಾತು ಬರ್ಕೊಡಿ" ಎಂದರು. ಒಳ್ಳೆಯ ಮಾತಿಗೇನು ಬರ ಸ್ವಾಮಿ! ಒಳ್ಳೆಯ ಮಾತು ಆಡಿಕೊಂಡೇ ನಾವು ಈ ಮನುಷ್ಯನ ಬಾಯಿಗೆ ಮಣ್ಣು ಹಾಕಿದ್ದು.

೧೯೫೨ರಲ್ಲಿ ಅಂಬಾಜಿದುರ್ಗದ ಕಡೆಯ ರಸ್ತೆಯಲ್ಲಿ ನಮ್ಮ ಸಸ್ಯಸಾರ ಪ್ರಯೋಗ ಕೇಂದ್ರ ತೆರೆದಾಗ ನಾನು ಬಿ.ಎಸ್ಸಿ. ಮುಗಿಸಿ ಬಂದ ಸಹಾಯಕ. ಬಯ್ಯಪ್ಪನವರು ಲೋಯರ್ ಸೆಕೆಂಡರಿ ಪಾಸಾದವರು, ಚರ್ಮ ಹದಮಾಡುವ ಮನೆತನದವರು. ಅವರನ್ನು ಗುಡಿಸಲು, ಚಕ್ಕೆ ಕುಟ್ಟಲು ಇಟ್ಟುಕೊಂಡಿದ್ದೆವು. ನನಗಿಂತ ಹದಿನೇಳು ವರ್ಷ ದೊಡ್ಡವರನ್ನು ನಾನು ಕೂಗುತ್ತಿದ್ದದ್ದು "ಲೇ ಬಯ್ಯಾ" ಎಂದು. ಈಗ 'ಅವರು' ಎಂದು ಬರೆಯುವಾಗ ನಾಚಿಕೆಯಾಗುತ್ತಿದೆ.

ಶಿಡ್ಲಘಟ್ಟದ ಬಯಲುಗಳಿಂದ ಗಾಡಿಗಟ್ಟಲೆ ಚಕ್ಕೆ ಬರುತ್ತಿತ್ತು, ಕೆಲಸ ಮಾತ್ರ ಹತ್ತುತ್ತಿರಲಿಲ್ಲ. ಹೆಚ್ಚು ನೀರಿನಲ್ಲಿ ನೆನೆಸಿದರೆ ಸಾರ ತೆಳುವಾಗುತ್ತಿತ್ತು. ಕುದಿಸಿ ಗಟ್ಟಿ ಮಾಡಿದರೆ ಕಪ್ಪಾಗಿ ಕಾರ್ಖಾನೆಯವರು ಹಿಂದಕ್ಕೆ ಕಳಿಸುತ್ತಿದ್ದರು. ಕಡಿಮೆ ನೀರು ಹಾಕಿದರೆ ಅರ್ಧ ಒಗರು ಚಕ್ಕೆಯಲ್ಲೇ ಉಳಿದು ತಿಪ್ಪೆ ಸೇರುತ್ತಿತ್ತು. ಮೂರು ವರ್ಷ ಇದೇ ಗೋಳು. ಮುಖ್ಯಸ್ಥರಾದ ಚನ್ನಕೇಶವ ಅವರು ದಪ್ಪ ದಪ್ಪ ಪುಸ್ತಕ ತಿರುವುತ್ತಿದ್ದರು, ನಾನು ಅವರ ಹಿಂದೆ ನಿಂತು ತಲೆಯಾಡಿಸುತ್ತಿದ್ದೆ.

೧೯೫೫ರ ಬೇಸಿಗೆಯಲ್ಲೊಂದು ದಿನ ಬಯ್ಯಪ್ಪನವರು ಬಾಗಿಲ ಹೊರಗೇ ನಿಂತು ಕೇಳಿದರು: "ತೆಳು ನೀರ್ನ ಯಾಕ್ ಚೆಲ್ತೀರ ಸಾಮಿ? ಅದ್ನೇ ಹೊಸ ಚಕ್ಕೆಗೆ ಹಾಕಿ. ಹಳೇ ಚಕ್ಕೆಗೆ ಬರೀ ನೀರ್ ಹಾಕಿ. ನಮ್ಮಮ್ಮ ಅಂಗೇ ಮಾಡ್ತಿದ್ಲು, ಸಾಲಾಗಿ ಮಡಿಕೆ ಇಟ್ಕಂಡು."

ನಕ್ಕುಬಿಟ್ಟೆವು. ಅವರು ಮಾತ್ರ ಸುಮ್ಮನಾಗಲಿಲ್ಲ, ರಜೆಯ ದಿನ ಬಂದು ಎಂಟು ತೊಟ್ಟಿ ಸಾಲಾಗಿ ಹೂಡಿದರು. ಒಂದು ತುದಿಯಲ್ಲಿ ತಾಜಾ ಚಕ್ಕೆ, ಇನ್ನೊಂದು ತುದಿಯಲ್ಲಿ ಏಳು ಸಲ ನೆಂದ ಚಕ್ಕೆ. ತಿಳಿನೀರು ಹಳೆಯದರಿಂದ ಹೊಸದರ ಕಡೆಗೆ ತೊಟ್ಟಿಯಿಂದ ತೊಟ್ಟಿಗೆ ಸಾಗುತ್ತ, ಒಗರು ತುಂಬಿಕೊಂಡು, ಬೆಂಕಿಯ ಹಂಗಿಲ್ಲದೆ ಗಟ್ಟಿಯಾಗಿ ಹೊರಬಿತ್ತು. ಕೊನೆಯ ತೊಟ್ಟಿಯ ಚಕ್ಕೆಯನ್ನು ಅವರು ಬಾಯಿಗೆ ಹಾಕಿಕೊಂಡು ಅಗಿದು, "ಸಪ್ಪೆ ಸಾಮಿ. ಏನೂ ಉಳ್ದಿಲ್ಲ" ಎಂದರು. ಅಳೆಯುವ ಉಪಕರಣ ಬರುವವರೆಗೆ ಎರಡು ವರ್ಷ ಅವರ ನಾಲಿಗೆಯೇ ನಮ್ಮ ಕೇಂದ್ರದ ಅಳತೆ. ಗೌರಿಬಿದನೂರಿನಿಂದ ರೈಲು ಹತ್ತಿದ ಒಂದೊಂದು ಡಬ್ಬವೂ ಅವರು ನೆಕ್ಕಿ ಒಪ್ಪಿದ್ದು. ಆದರೆ ಆಫೀಸಿನ ಕುಡಿಯುವ ನೀರಿನ ಹೂಜಿಯನ್ನು ಅವರು ಮುಟ್ಟುವಂತಿರಲಿಲ್ಲ!

ವರದಿ ಬರೆದವನು ನಾನು. ಅಂದವಾಗಿ ಎಂಟು ತೊಟ್ಟಿಯ ನಕ್ಷೆ ಬಿಡಿಸಿದೆ. ಕೆಳಗೆ ಎರಡೇ ಹೆಸರು: ಚನ್ನಕೇಶವ ಅವರದು, ನನ್ನದು.

೧೯೫೭ರಲ್ಲಿ ತೊಟ್ಟಿ ತೊಳೆಯಲು ಕಾಯಿಸಿದ ನೀರಿನ ಹಂಡೆ ಉರುಳಿ ನನ್ನ ಎರಡು ಕಾಲೂ ಬೆಂದವು. ಬಯ್ಯಪ್ಪನವರು ನನ್ನನ್ನು ಬೆನ್ನಮೇಲೆ ಹೊತ್ತು ಆಸ್ಪತ್ರೆಗೆ ಒಯ್ದು ಕಟ್ಟು ಹಾಕಿಸಿದರು, ಅಂದೇ ಗಾಡಿ ಮಾಡಿ ಕೆಂಚಾರ್ಲಹಳ್ಳಿಯ ನಮ್ಮ ಮನೆಗೂ ತಲುಪಿಸಿದರು. ಬಿಸಿಲಲ್ಲಿ ಬಂದವರು ನೀರು ಕೇಳಿದರು. ನಮ್ಮ ತಾಯಿ ಜಗಲಿಯ ಮೇಲೆ ನಿಂತು ಎತ್ತರದಿಂದ ಅವರ ಬೊಗಸೆಗೆ ಹೊಯ್ದರು. ಅರ್ಧ ನೆಲದ ಪಾಲಾಯಿತು. ಅವರ ಬೆವರು ಇನ್ನೂ ನನ್ನ ಅಂಗಿಯಲ್ಲಿತ್ತು. ನಾನು ಚಾಪೆಯ ಮೇಲೆ ಮಲಗಿ ನೋಡುತ್ತಿದ್ದೆ.

ಇನ್ನು ೧೯೬೧ರ ಮಾತು. ಪ್ರಯೋಗ ಸಹಾಯಕನ ಹುದ್ದೆಯೊಂದು ತೆರವಾಯಿತು. ಸ್ವಂತ ಶೋಧನೆ ಮಾಡಿದವರಿಗೆ ಡಿಗ್ರಿ ಇಲ್ಲದಿದ್ದರೂ ಸರಿ ಎಂಬ ನಿಯಮವಿತ್ತು. ಬಯ್ಯಪ್ಪನವರು ಅರ್ಜಿ ಹಾಕಿ, ಒಗೆದ ಅಂಗಿ ತೊಟ್ಟು ಸಮಿತಿಯ ಮುಂದೆ ಬಂದು ನಿಂತರು. ಚನ್ನಕೇಶವ ಅವರೂ ನಾನೂ ಪಕ್ಕದಲ್ಲೇ ಕೂತಿದ್ದೆವು. "ಈ ಎಂಟು ತೊಟ್ಟಿ ಕ್ರಮ ನಿನ್ನದೇನಯ್ಯ?" ಎಂದು ಅಧ್ಯಕ್ಷರು ಕೇಳಿದರು. "ನಮ್ಮಮ್ಮಂದು ಸಾಮಿ" ಎಂದುಬಿಟ್ಟರು ಪುಣ್ಯಾತ್ಮ! ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ವೆಂಕಟರವಣಪ್ಪ, ನೀವು ಹೇಳಿ, ಯಾರದು ಇದು?" ಎಂದರು. ಚನ್ನಕೇಶವ ಅವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನನ್ನ ಬಡ್ತಿಯೂ ಅದೇ ವರದಿಯ ಮೇಲೆ ನಿಂತಿತ್ತು.

"ಕೇಂದ್ರದ್ದು ಸಾರ್" ಎಂದೆ.

ಎರಡು ಪದ. ಬಯ್ಯಪ್ಪನವರು ಕೈಮುಗಿದು ಹೊರಟರು. ಮಾರನೆಯ ಬೆಳಿಗ್ಗೆ ನಾನು ಮುಖ ತಪ್ಪಿಸಿಕೊಂಡು ಬಂದರೆ, "ಚಕ್ಕೆ ನೆನೆ ಹಾಕಿದೀನಿ ಸಾಮಿ" ಎಂದರು, ಎಂದಿನಂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚನ್ನಕೇಶವ ಅವರ ನಿವೃತ್ತಿಯ ನಂತರ ಅವರ ಕುರ್ಚಿಗೆ ನಾನೇ ಬಂದೆ, ಆಗಲೂ ಆ ವರದಿಯನ್ನು ತಿದ್ದಲಿಲ್ಲ.

ಹೋದ ವಾರ ತೊಟ್ಟಿಗಳ ಹತ್ತಿರ ಹೋಗಿ, "ಎಲ್ಲಾ ಬರೀತೀನಿ ಬಯ್ಯಪ್ಪನೋರೆ, ನಿಮ್ಮ ಹೆಸರು ಹಾಕ್ತೀನಿ" ಎಂದೆ. ಅವರು ಚಕ್ಕೆ ಕದಡುವುದನ್ನು ನಿಲ್ಲಿಸಲಿಲ್ಲ.

"ಇನ್ನ ಹತ್ ದಿನಕ್ಕೆ ಹೊಲ್ಟೋಗ್ತೀನಿ, ಈಗ್ಯಾಕೆ ಸಾಮಿ? ಬರೆಯಂಗಿದ್ರೆ ನಮ್ಮಮ್ಮನ್ ಹೆಸ್ರು ಬರೀರಿ. ಗಂಗುಲಮ್ಮ ಅಂತ. ಆವತ್ತೂ ನಾನು ಅದೇ ತಾನೆ ಹೇಳಿದ್ದು?"

ಶ್ರೀ ಬಯ್ಯಪ್ಪನವರಿಗೆ ದೀರ್ಘಾಯುಸ್ಸನ್ನು ಕೋರುವ ಯೋಗ್ಯತೆ ನನಗಿಲ್ಲ, ಆದರೂ ಕೋರುತ್ತೇನೆ. ಅವರ ಕೈಗೂ ನಾಲಿಗೆಗೂ ಕೆಲಸ ತಪ್ಪದಿರಲಿ, ಇನ್ನು ಮುಂದೆ ಅವರಿಂದ ಕಲಿಯುವವರು ನನಗಿಂತ ಒಳ್ಳೆಯವರಾಗಿರಲಿ. ವೆಂಕಟೇಶ್, ಮುಂದಿನ ಸಾಲನ್ನು ಯಾರು ಹೇಳಿದರೂ ಹೊಡೆದುಹಾಕಬೇಡಿ. ಎಂಟು ತೊಟ್ಟಿಯ ಕ್ರಮ ಗಂಗುಲಮ್ಮನವರದು. ಅದನ್ನು ಕೇಂದ್ರಕ್ಕೆ ತಂದವರು ಅವರ ಮಗ ಬಯ್ಯಪ್ಪನವರು. ಗೊತ್ತಿದ್ದೂ ಸುಳ್ಳು ಹೇಳಿದವನು ನಾನು, ವೆಂಕಟರವಣಪ್ಪ.