ಪ್ಲಗ್ಗು ನನ್ನ ಬಳಿಯೇ ಇತ್ತು

ಮಕ್ಕಳೇ, ರಜೆಗೆ ಬಂದಾಗಲೆಲ್ಲ ದೆವ್ವದ ಕಥೆ ಹೇಳಜ್ಜಿ ಎಂದು ನೀವು ನನ್ನನ್ನು ಪೀಡಿಸುತ್ತಿದ್ದಿರಿ. ಸತ್ತವರಿಗೆ ನಿಮ್ಮನ್ನು ಹೆದರಿಸುವುದು ಬಿಟ್ಟು ಬೇರೆ ಕೆಲಸವಿಲ್ಲವೇ ಎಂದು ನಾನು ಗದರಿ ಮಲಗಿಸುತ್ತಿದ್ದೆ. ಅದು ಬರೀ ಗದರಿಕೆಯಲ್ಲ, ನನ್ನ ತಿಳುವಳಿಕೆಯೇ ಹಾಗಿತ್ತು. ಊರಿನಲ್ಲಿ ಯಾರಾದರೂ ಮರದ ಬುಡದಲ್ಲಿ ಏನೋ ಕಂಡೆ ಎಂದರೆ, ಹೊಟ್ಟೆ ಸರಿಯಿಲ್ಲದವರಿಗೆ ಏನೇನೋ ಕಾಣುತ್ತದೆ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಹಾಜರಿ ಕರೆದಾಗ ಜೋರಾಗಿ ಓಗೊಡಲಾರದೆ ಎಷ್ಟೋ ದಿನ ಬೆಂಚಿನ ಮೇಲೆ ಕೂತಿದ್ದೂ ಗೈರುಹಾಜರಿ ಹಾಕಿಸಿಕೊಂಡವಳು ನಾನು. ಹಾಗಾಗಿ ಇದನ್ನೂ ಹೇಳದೆ ಬರೆದಿಡುತ್ತಿದ್ದೇನೆ. ಓದಿ ನೀವೇ ತೀರ್ಮಾನಿಸಿ.

ನಿಮ್ಮ ಅಜ್ಜ ಬೈಕ್ ಮೆಕ್ಯಾನಿಕ್ ಆಗಿದ್ದರು. ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯ ಪಕ್ಕ, ನಮ್ಮ ಮನೆಯ ಮುಂದೆಯೇ ಅವರ ಶೆಡ್ಡು. ಸ್ಟಾರ್ಟ್ ಆಗದ ಗಾಡಿಯನ್ನು ತಳ್ಳಿಕೊಂಡು ಬಂದವರು ಬಂದ ಮೇಲೂ ಸಿಟ್ಟಿನಿಂದ ಕಿಕ್ಕರ್ ಒದೆಯುತ್ತಿದ್ದರು. “ಒದೀಬೇಡಿ ಮಾರಾಯ್ರೆ, ಎಷ್ಟ್ ಒದ್ರೂ ಅದೇನು ಎತ್ತಿನ ಹಾಗೆ ಗದ್ದೆ ಹೂಡಲ್ಲ” ಎನ್ನುತ್ತಿದ್ದರು ಇವರು. ಅವರ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಪೆಟ್ರೋಲ್ ಇಳಿಯುತ್ತದೆಯೇ ನೋಡಬೇಕು, ಆಮೇಲೆ ಕಿಡಿ ಹಾರಿಸುವ ಪ್ಲಗ್ಗಿಗೆ ಕರೆಂಟ್ ಬರುತ್ತದೆಯೇ ನೋಡಬೇಕು, ಆಮೇಲೆ ಗಾಳಿ. ಅಡುಗೆಮನೆಯ ಕಿಟಕಿಯಿಂದ ನೋಡಿ ನೋಡಿ ನನಗೂ ಅದು ಬಂದಿತ್ತು. ಕಿಕ್ಕರ್ ಸದ್ದಿನಲ್ಲೇ ಕಾಯಿಲೆ ತಿಳಿಯುತ್ತಿತ್ತು. ಕಾಫಿ ಕೊಡುವಾಗ “ಪ್ಲಗ್ಗು” ಎಂದು ಮೆಲ್ಲಗೆ ಹೇಳಿ ಬಂದುಬಿಡುತ್ತಿದ್ದೆ. ಬಿಚ್ಚಿದರೆ ಪ್ಲಗ್ಗೇ ಇರುತ್ತಿತ್ತು. “ಡಾಕ್ಟ್ರು ಒಳಗಿದಾರೆ, ನಾನು ಬರೀ ಕಾಂಪೌಂಡರ್” ಎಂದು ಗಿರಾಕಿಗಳ ಮುಂದೆ ಅವರು ನಗುತ್ತಿದ್ದರು. ನಾನು ನಾಚಿಕೆಯಿಂದ ಆ ದಿನವಿಡೀ ಹೊರಗೆ ಬರುತ್ತಿರಲಿಲ್ಲ.

ಅವರು ತೀರಿಕೊಂಡ ದಿನ ತೀರ್ಥಹಳ್ಳಿ ಕಡೆಯ ಒಬ್ಬ ಮನುಷ್ಯನ ಗಾಡಿ ರಿಪೇರಿಗೆ ಬಂದಿತ್ತು. ಅವನ ಹೆಸರು ಬರೆಯಲು ನನಗೆ ಇಷ್ಟವಿಲ್ಲ. ಹಳೆಯ ಟೂ ಸ್ಟ್ರೋಕ್ ಗಾಡಿ. ಮಗಳ ಮದುವೆ ಮಾತುಕತೆಗೆ ಕಾರ್ಗಲ್‌ಗೆ ಹೊರಟಿದ್ದ. ಹೊಸ ಪಂಚೆ ಉಟ್ಟು, ವೀಳ್ಯದೆಲೆ, ಅಡಿಕೆ, ಹೂವಿನ ಚೀಲವನ್ನು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡಿದ್ದ. ಇವರು ಗಾಡಿ ಸರಿಮಾಡಿ, ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಆಕ್ಸಿಲರೇಟರ್ ತಿರುವಿ ನೋಡಿದರು. ಅವರು ಯಾವ ಗಾಡಿಯನ್ನೂ ಹಾಗೆ ನೋಡದೆ ಬಿಡುತ್ತಿರಲಿಲ್ಲ. ಅಂದು ಅದಾದ ಮೇಲೆ ಎದ್ದು ನಿಲ್ಲಲು ಆಗಲಿಲ್ಲ. ಎದೆ ಹಿಡಿದು ನೆಲದಲ್ಲೇ ಕೂತರು. “ಎದೆ ಹಿಂಡ್ತಾ ಉಂಟು ಮಾರಾಯ. ಹೊಸನಗರದ ಆಸ್ಪತ್ರೆಗೆ ಬಿಟ್ಟು ಹೋಗ್ತೀಯಾ?” ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು, “ಹೋಗಣ, ಅದಕ್ಕೇನು. ಮುಂದೆ ಅಂಗಡಿ ಹತ್ರ ಒಬ್ರು ಕಾಯ್ತಾ ಇದಾರೆ, ಒಂದ್ ಮಾತು ಹೇಳಿ ಬಂದೆ. ಐದು ನಿಮಿಷ” ಎಂದ. ಹೋದ. ಬರಲಿಲ್ಲ.

ಆಗುವುದಿಲ್ಲ ಎಂದಿದ್ದರೆ ನಾನು ತಿರುವಿನಾಚೆಯ ಮನೆಗೆ ಓಡಿಹೋಗಿ ಅವರ ವ್ಯಾನ್ ಕರೆಸುತ್ತಿದ್ದೆ. ಬರುತ್ತೇನೆ ಎಂದಿದ್ದನಲ್ಲ, ಅದಕ್ಕೇ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕೂತೆ. ಮುಕ್ಕಾಲು ಗಂಟೆ ಕಾದ ಮೇಲೆ ವ್ಯಾನಿಗೆ ಓಡಿದೆ. ಹೊತ್ತು ಮೀರಿತ್ತು.

ಆರು ವರ್ಷ ಕಳೆಯಿತು. ಶೆಡ್ಡಿನ ಹಲಗೆಯ ಮೇಲೆ ಅವರ ಹೆಸರು ಹಾಗೇ ಇತ್ತು, ನಟ್ಟು ಬಿಚ್ಚುವ ಪಾನಗಳು ಮೊಳೆಗಳಲ್ಲಿ ತೂಗುತ್ತಿದ್ದವು. ನಾನು ಟ್ಯೂಬು, ಆಯಿಲ್ ಮಾರಿಕೊಂಡಿದ್ದೆ. ರಿಪೇರಿಗೆ ಕೈ ಹಾಕುತ್ತಿರಲಿಲ್ಲ. ಕುಂಕುಮ ಅಳಿಸಬೇಡ ಎಂದು ನಿಮ್ಮ ಅಮ್ಮ ಹಟ ಮಾಡಿದ್ದರಿಂದ ಹಣೆಯೂ ಮೊದಲಿನ ಹಾಗೇ ಇತ್ತು. ಆ ಮನುಷ್ಯನಿಗೆ ಕೇಡು ಬಯಸದೆ ನಾನು ಒಂದು ದಿನವೂ ದೀಪ ಹಚ್ಚಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅವನ ಮಗಳ ಮದುವೆ ಮುರಿಯಲಿ, ಅವನ ಕಾಲು ಮುರಿಯಲಿ ಎಂದು ದೇವರ ಮುಂದೆ ನಿಂತು ಬೇಡಿಕೊಂಡಿದ್ದೇನೆ.

ಒಂದು ಬೇಸಿಗೆಯ ಮಧ್ಯಾಹ್ನ, ಊಟವಾಗಿ ಬಿಸಿಲು ಇನ್ನೂ ಇಳಿಯದ ಹೊತ್ತು, ಅವನೇ ಅದೇ ಗಾಡಿಯನ್ನು ತಳ್ಳಿಕೊಂಡು ಬಂದ. ಕೂದಲು ನೆರೆತಿತ್ತು. ನನಗೆ ಮೊದಲು ಗುರುತಾದದ್ದು ಗಾಡಿ, ಆಮೇಲೆ ಅವನು.

“ಯಜಮಾನ್ರು ಇದಾರಾ ಅಮ್ಮ? ಹಿಂದೊಂದ್ಸಲ ಇಲ್ಲೇ ಸರಿ ಮಾಡ್ಸಿದ್ದೆ. ಒಳ್ಳೆ ಕೈ ಅವ್ರದ್ದು” ಎಂದ.

ಇವರು ಹೋದದ್ದೇ ಅವನಿಗೆ ಗೊತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ: “ತೋಟಕ್ಕೆ ಹೋಗಿದಾರೆ. ಬರ್ತಾರೆ. ಕೂತಿರಿ.”

ಅವನು ಕೂರಲಿಲ್ಲ. ಸಾಗರಕ್ಕೆ ಅರ್ಜೆಂಟಾಗಿ ಹೋಗಬೇಕು, ಫೋನ್ ಮಾಡಿ ಬರುತ್ತೇನೆ ಎಂದು ಸಿಗ್ನಲ್ ಹುಡುಕಿಕೊಂಡು ಎದುರಿನ ಗುಡ್ಡ ಹತ್ತಿದ. ನಾನು ಮೊಳೆಯಿಂದ ಪಾನ ತೆಗೆದೆ. ಯಾಕೆ ತೆಗೆದೆನೋ, ಆ ಕ್ಷಣಕ್ಕೆ ನನಗೂ ತಿಳಿಯದು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಪ್ಲಗ್ ಬಿಚ್ಚಿದೆ. ತುದಿಯಲ್ಲಿ ಮಸಿ ಗಟ್ಟಿಯಾಗಿ ಕಚ್ಚಿಕೊಂಡು ಸಂದು ಪೂರಾ ಮುಚ್ಚಿತ್ತು. ಉಜ್ಜಿ ಒರೆಸಿ ಹಾಕಿದರೆ ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಅವನು ಇಳಿದು ಬರುವ ಸದ್ದಾಯಿತು. ಪ್ಲಗ್ಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾನವನ್ನು ಮೊಳೆಗೆ ಹಾಕಿ ನಿಂತೆ.

ಅವನ ಮುಖದಲ್ಲಿ ರಕ್ತವಿರಲಿಲ್ಲ. “ಮಗಳು ಹೆರಿಗೆಗೆ ಸಾಗರದ ಆಸ್ಪತ್ರೇಲಿದಾಳೆ ಅಮ್ಮ. ರಕ್ತ ಹೋಗ್ತಾ ಇದ್ಯಂತೆ, ನಿಲ್ತಾ ಇಲ್ವಂತೆ. ಅವಳ ಗುಂಪಿನ ರಕ್ತ ಎಲ್ಲೂ ಸಿಕ್ತಿಲ್ಲ, ನಂದು ಒಂದೇ ಆಗೋದು. ಯಜಮಾನ್ರನ್ನ ಒಂಚೂರು ಕರೀರಿ, ಕೈ ಮುಗೀತೀನಿ.”

ಯಾವ ಮಗಳ ಮಾತುಕತೆಗೆ ಅಂದು ಹೊರಟಿದ್ದನೋ ಅದೇ ಮಗಳು. ಅವಳಿಗೆ ನಿಮ್ಮ ಅಮ್ಮನದೇ ವಯಸ್ಸಿರಬೇಕು. ಅದು ನನ್ನ ಮನಸ್ಸಿಗೆ ಬರಲಿಲ್ಲವೆಂದಲ್ಲ, ಬಂತು. ಬಂದರೂ ನಾನು ಅವನ ಕಣ್ಣನ್ನೇ ನೋಡಿ, ಅವನದೇ ಧಾಟಿಯಲ್ಲಿ, “ಬರ್ತಾರೆ. ಐದು ನಿಮಿಷ” ಎಂದೆ.

ನೆನಪಾಗಲಿ ಎಂದೇ ಹಾಗೆ ಹೇಳಿದ್ದು. ಅವನಿಗೆ ಏನೂ ನೆನಪಾಗಲಿಲ್ಲ. “ಪುಣ್ಯ ಬರ್ತದೆ ಅಮ್ಮ ನಿಮಗೆ” ಎಂದು ತಂಬಿಗೆ ನೀರು ಕೇಳಿ ಕುಡಿದ.

ನಾನು ಒಳಗೆ ಬಂದು ಅಡುಗೆಮನೆಯ ಕಿಟಕಿ ಮುಚ್ಚಿ, ನೆಲದ ಮೇಲೆ ಕೂತೆ. ಸೊಂಟದಲ್ಲಿ ಪ್ಲಗ್ಗು ಒತ್ತುತ್ತಿತ್ತು. ಕೈಗೆ ತೆಗೆದುಕೊಂಡು ಮುಷ್ಟಿ ಬಿಗಿದೆ. ಕಾಯಲಿ, ಮುಕ್ಕಾಲು ಗಂಟೆ ಕಾಯುವುದು ಹೇಗಿರುತ್ತದೆಂದು ತಿಳಿಯಲಿ ಎಂದುಕೊಂಡೆ. ಆರು ವರ್ಷದಲ್ಲಿ ಮೊದಲ ಸಲ ನನ್ನ ಎದೆ ತಂಪಾಗಿತ್ತು. ಹೆದರಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ, ಬಹಳವೇನಲ್ಲ. ಹೊರಗೆ ಗಾಡಿ ಸ್ಟಾರ್ಟ್ ಆಯಿತು. ಒಂದೇ ಕಿಕ್ಕಿಗೆ. ಆಮೇಲೆ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಆಕ್ಸಿಲರೇಟರ್ ತಿರುವಿದ ಸದ್ದು.

ನಾನು ಮುಷ್ಟಿ ಬಿಚ್ಚಿ ನೋಡಿದೆ. ಪ್ಲಗ್ಗು ಅಲ್ಲೇ ಇತ್ತು, ಅಂಗೈಗೆಲ್ಲ ಮಸಿ ಅಂಟಿತ್ತು. ಪ್ಲಗ್ಗಿಲ್ಲದ ಗಾಡಿ ಸ್ಟಾರ್ಟ್ ಆಗುವುದು ಒಲೆ ಹಚ್ಚದೆ ಅನ್ನ ಬೇಯುವಷ್ಟೇ ಸಾಧ್ಯ. ಓಡಿ ಹೊರಗೆ ಬಂದೆ. ಗಾಡಿ ಆಗಲೇ ಸಾಗರದ ಕಡೆಯ ತಿರುವು ದಾಟುತ್ತಿತ್ತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಎಂಜಿನ್ನಿನ ನೀಲಿ ಹೊಗೆ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಎಂಟು ಹತ್ತು ದಿನ ಬಿಟ್ಟು ಅವನು ಮತ್ತೆ ಬಂದ. ಕೈಯಲ್ಲಿ ಸಿಹಿಯ ಪೊಟ್ಟಣವಿತ್ತು. ಮಗಳು ಉಳಿದಳು, ಗಂಡುಮಗು ಎಂದ. “ಯಜಮಾನ್ರಿಗೆ ಕೈಯಾರೆ ಕೊಡ್ಬೇಕು. ಅವತ್ತು ಅವ್ರು ಒಂದು ಮಾತೂ ಆಡ್ಲಿಲ್ಲ ನೋಡಿ. ನಾ ರಸ್ತೆ ನೋಡ್ಕಂಡು ನಿಂತಿದ್ದೆ, ತಿರುಗಿದ್ರೆ ಗಾಡಿ ಹತ್ರ ಕೂತ್ಕಂಡು ಕೆಲ್ಸ ಮಾಡ್ತಾ ಇದ್ರು. ಬೆನ್ನಷ್ಟೇ ಕಂಡಿದ್ದು. ಮುಗ್ಸಿ, ಹೋಗು ಅಂತ ಕೈ ಬೀಸಿದ್ರು.”

ನನ್ನ ಸೇಡಿಗೆ ಆಗ ಇನ್ನೊಂದು ದಾರಿ ಕಂಡಿತು. ಹೇಳಿದೆ. ಇವರು ತೀರಿ ಆರು ವರ್ಷವಾಯಿತೆಂದು ಹೇಳಿದೆ. ಯಾವ ದಿನ, ಯಾರ ಗಾಡಿ ಸರಿಮಾಡಿದ ಮೇಲೆ, ಯಾರ ದಾರಿ ಕಾಯುತ್ತ ಎಂದೂ ಹೇಳಿದೆ. ನನ್ನ ಜೀವಮಾನದಲ್ಲಿ ಹೊರಗಿನ ಗಂಡಸಿನ ಮುಂದೆ ನಾನು ಅಷ್ಟು ಮಾತಾಡಿದ್ದು ಅದೊಂದೇ ಸಲ. ಪೊಟ್ಟಣ ಅವನ ಕೈಯಿಂದ ಜಾರಿತು. ಅದನ್ನು ನಾನು ಕಣ್ಣು ತುಂಬ ನೋಡಿದೆ.

ಬಗ್ಗಿ ಪೊಟ್ಟಣ ಎತ್ತಿಕೊಳ್ಳುತ್ತ ಅವನು ಹೇಳಿದ. “ಒಳ್ಳೆ ಕಾರ್ಯಕ್ಕೆ ಹೊರಟಿದ್ದೆ ಅಮ್ಮ. ಹೊರಟ ದಾರೀಲಿ ಹಿಂದಕ್ಕೆ ತಿರುಗ್ಬಾರ್ದು ಅಂತ ನಮ್ಮವ್ವ ಹೇಳಿ ಕಳ್ಸಿದ್ಲು. ಆಸ್ಪತ್ರೆ ಹಿಂದಿತ್ತು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ, ಸುಳ್ಳು ಹೇಳ್ದೆ.” ಆಮೇಲೆ ನನ್ನನ್ನೇ ಕೇಳಿದ: “ನಾ ಬರ್ಲಿಲ್ಲ, ಸರಿ. ರಸ್ತೇಲಿ ಬೇರೆ ಗಾಡಿ ಒಂದೂ ಬರ್ಲಿಲ್ವಾ?”

ಬಂದಿದ್ದವು. ಇದನ್ನು ನಾನು ನಿಮ್ಮ ಅಮ್ಮನಿಗೂ ಹೇಳಿಲ್ಲ. ಎರಡು ಲಾರಿ, ಒಂದು ಜೀಪು ಹೋದವು. ಎದ್ದು ನಿಂತು ಕೈ ಅಡ್ಡ ಹಾಕಬೇಕಿತ್ತು, ಕೂಗಬೇಕಿತ್ತು. ಗುರುತಿಲ್ಲದವರನ್ನು ಹೇಗೆ ಕೂಗುವುದು ಎಂದು ನಾಚಿ ತಲೆ ತಗ್ಗಿಸಿದೆ. ಅವನನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಮತ್ತೆಂದೂ ಬರಲಿಲ್ಲ.

ಅಂದು ಆ ಗಾಡಿಯನ್ನು ಹೊರಡಿಸಿದವರು ಯಾರು? ದಾರಿಯಲ್ಲಿ ಹೋಗುವ ಯಾರೋ ಮೆಕ್ಯಾನಿಕ್ ನಿಂತು, ತನ್ನ ಬಳಿಯಿದ್ದ ಪ್ಲಗ್ ಹಾಕಿಕೊಟ್ಟಿರಬಹುದು ಎಂದು ಎಷ್ಟೋ ಸಲ ಅಂದುಕೊಂಡೆ. ಹಾಗಾದರೆ ಆ ಮೆಕ್ಯಾನಿಕ್ ಬಂದದ್ದು ಯಾವುದರಲ್ಲಿ? ಬೇರೆ ಗಾಡಿಯ ಸದ್ದು ನನಗೆ ಕೇಳಿಸಲಿಲ್ಲ. ಆಕ್ಸಿಲರೇಟರನ್ನು ಮೂರು ಸಲ ತಿರುವುವ ಆ ಕ್ರಮ ಅವನಿಗೆ ಹೇಗೆ ಗೊತ್ತು? ಗಾಡಿ ಸರಿಮಾಡಿದವರ ಬಟ್ಟೆಯೇನು, ಎತ್ತರವೇನು ಎಂದು ಆ ಮನುಷ್ಯನನ್ನು ಕೇಳಬಹುದಿತ್ತು. ಸೇಡಿನ ಭರದಲ್ಲಿ ಕೇಳಲಿಲ್ಲ. ಪ್ಲಗ್ಗು ಈಗಲೂ ನನ್ನ ಬಳಿ ಇದೆ, ಮಸಿಯನ್ನೂ ತೆಗೆದಿಲ್ಲ.

ಆ ಹುಡುಗಿಯ ಹೆರಿಗೆ, ನಾನು ಪ್ಲಗ್ಗು ಬಚ್ಚಿಟ್ಟದ್ದು, ಗಾಡಿ ತಾನಾಗಿ ಹೊರಟದ್ದು, ಇಷ್ಟನ್ನು ಮಾತ್ರ ನಿಮ್ಮ ಅಮ್ಮನಿಗೆ ಹೇಳಿದ್ದೆ. ಒಬ್ಬ ಹೆಣ್ಣುಮಗಳ ಜೀವ ತೆಗೆದ ಪಾಪ ನಿನ್ನ ತಲೆಗೆ ಬರಬಾರದೆಂದು ಅಪ್ಪ ಬಂದರಮ್ಮ ಎಂದು ಅವಳು ಕಣ್ಣೊರೆಸಿಕೊಂಡಳು. ಇರಬಹುದು. ಆ ಹುಡುಗಿ ಬದುಕಿದ್ದು ಒಳ್ಳೆಯದೇ ಆಯಿತು. ಅಷ್ಟು ಹೇಳಬಲ್ಲೆ. ಅವಳಪ್ಪನ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಈಗ ನಿಮ್ಮ ಅಜ್ಜನ ಮೇಲೂ ಸಿಟ್ಟಿದೆ. ಶೆಡ್ಡಿನಿಂದ ಅಂದು ಅಡುಗೆಮನೆಯಲ್ಲಿ ನಾನು ಕೂತಿದ್ದ ಜಾಗಕ್ಕೆ ಹನ್ನೆರಡು ಹೆಜ್ಜೆ. ನಾನು ಅಳೆದು ನೋಡಿದ್ದೇನೆ. ತಮ್ಮನ್ನು ಬಿಟ್ಟುಹೋದವನ ಗಾಡಿಯವರೆಗೆ ಬಂದವರು, ನನ್ನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.